ಆರನೇ ತರಗತಿಯ ಲೆಕ್ಕ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಎಸ್‌ಡಿಎಂಸಿ ಸದಸ್ಯರಿಗೆ ಒಂದು ಬಹಿರಂಗ ಪತ್ರ



ಐದನೇ ತರಗತಿ ಮುಗಿಸಿ ಆರನೇ ತರಗತಿಗೆ ಬಂದ ಮಗುವಿನ ಪಾಲಿನ ಬಿಸಿಯೂಟದ ಅಕ್ಕಿ ದಿನಕ್ಕೆ 100 ಗ್ರಾಂನಿಂದ 150 ಗ್ರಾಂಗೆ ಏರುತ್ತದೆ, ಆ ಊಟದಿಂದ ದೊರೆಯಬೇಕಾದ ಶಕ್ತಿ 450 ಕ್ಯಾಲೊರಿಯಿಂದ 700 ಕ್ಯಾಲೊರಿಗೂ ಪ್ರೋಟೀನ್ 12 ಗ್ರಾಂನಿಂದ 20 ಗ್ರಾಂಗೂ ಹೆಚ್ಚುತ್ತದೆ ಎಂಬುದು, ಅಡುಗೆಮನೆಯ ದಾಸ್ತಾನನ್ನು ಆಗಾಗ ತೆರೆದು ನೋಡುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯರಿಗೆ ಹೊಸ ಸಂಗತಿಯಲ್ಲ. ಇದೇ ಗೆರೆಯ ಆಚೆ ಈಚೆ ಇನ್ನೂ ಕೆಲವು ಅಳತೆಗಳು ಬದಲಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆದರೆ ಸಾಕು. ಆರರಿಂದ ಎಂಟರವರೆಗೆ 220 ದಿನ, 1,000 ಗಂಟೆ ನಡೆಯಲೇಬೇಕು. ತಟ್ಟೆಯ ಅನ್ನವೂ ಪಾಠದ ಗಂಟೆಯೂ ಒಟ್ಟಿಗೆ ಹೆಚ್ಚುವ ಈ ವರ್ಷದಲ್ಲಿ ಮಗು ಕಲಿಯುವುದಾದರೂ ಏನು ಎಂಬ ಪ್ರಶ್ನೆ ಮಾತ್ರ ಸಮಿತಿಯ ಸಭೆಗಳಲ್ಲಿ ಕೇಳಿಬರುವುದು ಅಪರೂಪ. ಕಾಂಪೌಂಡು, ಶೌಚಾಲಯ, ಸುಣ್ಣಬಣ್ಣ, ಮೊಟ್ಟೆ ಬಾಳೆಹಣ್ಣುಗಳ ಚರ್ಚೆ ಮುಗಿಯುವ ಹೊತ್ತಿಗೆ ಸಭೆಯೂ ಮುಗಿದಿರುತ್ತದೆ. ಆ ಚರ್ಚೆಗಳು ಬೇಡವೆನ್ನುವುದು ಈ ಪತ್ರದ ಉದ್ದೇಶವಲ್ಲ. ಅವುಗಳ ಪಕ್ಕದಲ್ಲಿ ಪಾಠಕ್ಕೂ ಒಂದಿಷ್ಟು ಜಾಗ ಬೇಕೆಂಬುದಷ್ಟೇ ಇಲ್ಲಿನ ಅರಿಕೆ.

ಆರನೇ ತರಗತಿ ಹೀಗೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟರವರೆಗಿನ ಮೂರು ವರ್ಷಗಳನ್ನು ಪ್ರತ್ಯೇಕವಾಗಿ ಮಧ್ಯಮ ಹಂತವೆಂದು ಗುರುತಿಸುತ್ತದೆ; ಹಿಂದಿನ ತಲೆಮಾರಿನವರು ಮಿಡ್ಲ್ ಸ್ಕೂಲು ಎನ್ನುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಕರ್ನಾಟಕದಲ್ಲಾದರೋ ಒಂದರಿಂದ ಏಳು ಅಥವಾ ಎಂಟರವರೆಗೆ ಒಂದೇ ಹಿರಿಯ ಪ್ರಾಥಮಿಕ ಶಾಲೆ ಇರುವುದರಿಂದ, ಮಗು ಅದೇ ಗೇಟಿನಿಂದ ಒಳಬಂದು ಪಕ್ಕದ ಕೋಣೆಯಲ್ಲಿ ಕುಳಿತುಕೊಳ್ಳುತ್ತದೆ. ಐದನೇ ತರಗತಿಗೆ ಮುಗಿಯುವ ಕಿರಿಯ ಪ್ರಾಥಮಿಕ ಶಾಲೆಯ ಮಗು ಮಾತ್ರ ಬೇರೆ ಊರಿಗೆ ನಡೆಯಬೇಕಾಗಿ ಬಂದು, ಏನೋ ಬದಲಾಯಿತೆಂಬುದು ಅದರ ಮನೆಯವರಿಗಾದರೂ ಗೊತ್ತಾಗುತ್ತದೆ. ಪರೀಕ್ಷೆಯ ದೃಷ್ಟಿಯಿಂದಲೂ ಆರು ಒಂದು ಓಣಿಯಂತೆ. ಒಂದು ಕಾಲಕ್ಕೆ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆಯಿತ್ತು, ಹತ್ತಕ್ಕೆ ಈಗಲೂ ಇದೆ; ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯೂ ಐದು ಮತ್ತು ಎಂಟನೇ ತರಗತಿಗಳಲ್ಲಿ ಮಾತ್ರ ಮಗುವನ್ನು ಹಿಂದಕ್ಕೆ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಡುತ್ತದೆ. ಹಾಗಾಗಿ ಆರರಲ್ಲಿ ಕಲಿಯದೆ ಉಳಿದದ್ದು ಆರರಲ್ಲಿ ಬಯಲಾಗುವುದಿಲ್ಲ. ಒಂಬತ್ತರ ಬೀಜಗಣಿತದಲ್ಲಿ, ಹತ್ತರ ಗಣಿತ ಪತ್ರಿಕೆಯಲ್ಲಿ ಅದು ಹೊರಬಿದ್ದಾಗ ಹೈಸ್ಕೂಲಿನ ಶಿಕ್ಷಕರ ಮೇಲೆ ದೂರು ಹೋಗುತ್ತದೆ. ಇನ್ನು ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ ಇವೆಲ್ಲ ಆರನೇ ತರಗತಿಯಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುವುದರಿಂದ, ಊರಿನಲ್ಲಿ ಆರನೇ ತರಗತಿಯ ಮಾತು ಬಂದರೆ ಅದು ಸಾಮಾನ್ಯವಾಗಿ ಪ್ರವೇಶ ಪರೀಕ್ಷೆಯ ಮಾತಾಗಿರುತ್ತದೆ. ಜಿಲ್ಲೆಗೊಂದರಂತಿರುವ ನವೋದಯದಲ್ಲಿ ಆ ತರಗತಿಗಿರುವುದು ಹೆಚ್ಚೆಂದರೆ 80 ಸ್ಥಾನ. ಉಳಿದ ಮಕ್ಕಳೆಲ್ಲ ಇರುವುದು ಸದಸ್ಯರ ಶಾಲೆಯಲ್ಲೇ.

ವರ್ಷದ ಮೊದಲ ದಿನ ಪುಸ್ತಕಗಳ ಕಟ್ಟಿನಲ್ಲೇ ಕಾಣುವ ಬದಲಾವಣೆಯೊಂದಿದೆ. ಐದನೇ ತರಗತಿಯವರೆಗೆ ಗಿಡ, ಕೆರೆ, ಗ್ರಾಮ ಪಂಚಾಯಿತಿ, ಅಂಚೆ ಕಚೇರಿ, ಜ್ವರ, ಹಬ್ಬ ಎಲ್ಲವೂ ಪರಿಸರ ಅಧ್ಯಯನ ಎಂಬ ಒಂದೇ ಪುಸ್ತಕದಲ್ಲಿ ಕೂಡಿ ಬಾಳುತ್ತಿದ್ದವು. ಆರರಲ್ಲಿ ಆ ಪುಸ್ತಕ ಇಲ್ಲವಾಗಿ ಅದರ ಜಾಗದಲ್ಲಿ ವಿಜ್ಞಾನ, ಸಮಾಜ ವಿಜ್ಞಾನ ಎಂಬ ಎರಡು ಬರುತ್ತವೆ. ಸಮಾಜ ವಿಜ್ಞಾನವು ಮತ್ತೆ ಇತಿಹಾಸ, ಪೌರನೀತಿ, ಭೂಗೋಳ ಎಂದು ಕವಲೊಡೆಯುತ್ತದೆ. ದೊಡ್ಡವರಿಗೆ ಇದು ಬರೀ ಆಸ್ತಿ ವಿಭಾಗದಂತೆ ಕಂಡರೂ ಹನ್ನೊಂದು ವರ್ಷದ ಮಗುವಿಗೆ ಇದು ಬೇರೆಯೇ ಸಂಗತಿ. ಕೆರೆಯ ನೀರು ಏಕೆ ಬತ್ತುತ್ತದೆಂದು ಕೇಳಿದಾಗ ವಿಜ್ಞಾನವು ಆವಿಯಾಗುವಿಕೆಯ ಮಾತಾಡುತ್ತದೆ, ಭೂಗೋಳವು ಮಳೆಯ ಹಂಚಿಕೆಯನ್ನು ಹೇಳುತ್ತದೆ, ಪೌರನೀತಿಯು ಹೂಳೆತ್ತಿಸಬೇಕಾದವರು ಯಾರೆಂದು ಹೇಳುತ್ತದೆ; ಮೂರೂ ಸರಿ, ಆದರೆ ಮೂರರ ಪುರಾವೆಯೂ ಬೇರೆ ಬೇರೆ ಬಗೆಯದು. ಒಂದೇ ಪ್ರಶ್ನೆಯನ್ನು ಮೂರು ಬಾಗಿಲಿನಿಂದ ಹೊಕ್ಕು ನೋಡುವ ಈ ಅಭ್ಯಾಸವೇ ಆ ವರ್ಷದ ಹಿರಿಯ ಪಾಠವಾದರೂ, ಯಾವ ಅಧ್ಯಾಯದ ತಲೆಯ ಮೇಲೂ ಅದರ ಹೆಸರಿಲ್ಲ.

ಆರನೇ ತರಗತಿಯ ನಿಜವಾದ ಕಷ್ಟವೂ ನಿಜವಾದ ಲಾಭವೂ ಇರುವುದು ಗಣಿತದಲ್ಲಿ. ಆದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ.

ಭಿನ್ನರಾಶಿಯಿಂದ ತೊಡಗಬಹುದು. ಭಿನ್ನವಾದ ವಿಗ್ರಹವನ್ನು ಪೂಜೆಗೆ ಇಡಬಾರದು ಎಂಬ ಮಾತು ಮಗುವಿನ ಕಿವಿಗೆ ಬಿದ್ದಿರುತ್ತದೆ. ಭಿನ್ನವೆಂದರೆ ಒಡೆದದ್ದು, ಭಿನ್ನರಾಶಿಯೆಂದರೆ ಇಡಿಯಾಗಿ ಉಳಿಯದ ಸಂಖ್ಯೆ. ಗೆರೆಯ ಕೆಳಗಿನ ಅಂಕಿಗೆ ಛೇದವೆಂದು ಹೆಸರು, ಛೇದವೆಂದರೆ ಕತ್ತರಿಸುವಿಕೆ. ಮೇಲಿನದು ಅಂಶ, ಅಂದರೆ ಪಾಲು. ಎಷ್ಟು ತುಂಡು ಮಾಡಿದೆವೆಂಬುದನ್ನು ಕೆಳಗಿನ ಅಂಕಿಯೂ, ಅದರಲ್ಲಿ ಎಷ್ಟು ಪಾಲು ತೆಗೆದುಕೊಂಡೆವೆಂಬುದನ್ನು ಮೇಲಿನ ಅಂಕಿಯೂ ತಮ್ಮ ಹೆಸರಿನಲ್ಲೇ ಹೇಳುತ್ತಿರುವಾಗ, ಮಕ್ಕಳು ಅವನ್ನು ಮೇಲಿನದು ಕೆಳಗಿನದು ಎಂದಷ್ಟೇ ಕರೆಯುತ್ತ ವರ್ಷ ಕಳೆಯುವುದು ಸಣ್ಣ ನಷ್ಟವಲ್ಲ. ಅದಕ್ಕಿಂತ ಹೆಚ್ಚಾಗಿ, ಕನ್ನಡ ಮಾತನಾಡುವ ಮಗುವಿಗೆ ಮಿಶ್ರ ಭಿನ್ನರಾಶಿ ಹುಟ್ಟಿನಿಂದಲೇ ಬಂದದ್ದು: ಎರಡೂವರೆ, ಮೂರೂಕಾಲು, ನಾಲ್ಕೂಮುಕ್ಕಾಲು ಎಂಬ ಪದಗಳಲ್ಲಿ ಪೂರ್ಣಸಂಖ್ಯೆ, ನಡುವೆ ಕೂಡಿಸುವ ‘ಊ’ಕಾರ, ಕೊನೆಗೆ ಭಾಗ ಎಲ್ಲವೂ ಇವೆ. ಅರೆಕಾಲು ಎಂದರೆ ಎಂಟನೆಯ ಒಂದು, ವೀಸವೆಂದರೆ ಹದಿನಾರನೆಯ ಒಂದು ಎಂದು ಅಜ್ಜಿಯರಿಗೆ ಗೊತ್ತಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಸವ್ವಾ, ದೀಡ ಎಂಬ ಮಾತುಗಳು ಒಂದೂಕಾಲಿಗೂ ಒಂದೂವರೆಗೂ ಇಂದಿಗೂ ಬಳಕೆಯಲ್ಲಿವೆ. ಎಸ್‌ಡಿಎಂಸಿಯ ವಿಷಯದಲ್ಲೇ ಹೇಳುವುದಾದರೆ, ಇಂಥ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೂ ಭಿನ್ನರಾಶಿಯಲ್ಲೇ.

ಹೀಗಿದ್ದೂ ಅರ್ಧ ಮತ್ತು ಮೂರನೆಯ ಒಂದನ್ನು ಕೂಡಿಸಲು ಹೇಳಿದರೆ, ಮೇಲಿನ ಒಂದಕ್ಕೆ ಒಂದು ಸೇರಿಸಿ ಎರಡು, ಕೆಳಗಿನ ಎರಡಕ್ಕೆ ಮೂರು ಸೇರಿಸಿ ಐದು, ಉತ್ತರ ಐದನೆಯ ಎರಡು ಎಂದು ಬರೆಯುವ ನೋಟುಬುಕ್ಕುಗಳು ಎಲ್ಲ ಶಾಲೆಗಳಲ್ಲೂ ಸಿಗುತ್ತವೆ. ಐದನೆಯ ಎರಡು ಅರ್ಧಕ್ಕಿಂತ ಕಡಿಮೆ. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದ ಮೇಲೆ ಮೊದಲಿದ್ದುದಕ್ಕಿಂತ ಕಡಿಮೆ ಆಗುವುದುಂಟೇ ಎಂದು ತಟ್ಟೆಯ ಮುಂದೆ ಕುಳಿತಾಗ ಕೇಳಿದರೆ ಅದೇ ಮಗು ನಗುತ್ತದೆ. ಹಾಳೆಯ ಮೇಲೆ ಮಾತ್ರ ನಗುವುದಿಲ್ಲ, ಏಕೆಂದರೆ ಹಾಳೆಯ ಮೇಲಿನ ಅಂಕಿಗಳು ರೊಟ್ಟಿಯ ಬಗ್ಗೆ ಮಾತಾಡುತ್ತಿವೆ ಎಂಬುದು ಅದಕ್ಕೆ ಯಾರೂ ಹೇಳದ ಗುಟ್ಟು. ದಶಮಾಂಶದಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. 0.25 ಎಂಬುದನ್ನು ಸೊನ್ನೆ ಬಿಂದು ಇಪ್ಪತ್ತೈದು ಎಂದು ಓದಲು ಬಿಟ್ಟರೆ, ಇಪ್ಪತ್ತೈದು ಐದಕ್ಕಿಂತ ದೊಡ್ಡದಾದ್ದರಿಂದ ಅದು 0.5ಕ್ಕಿಂತಲೂ ದೊಡ್ಡದೆಂದು ಮಗು ತೀರ್ಮಾನಿಸುತ್ತದೆ. ಬಿಂದುವಿನ ನಂತರದ ಅಂಕಿಗಳನ್ನು ಎರಡು, ಐದು ಎಂದು ಬಿಡಿಬಿಡಿಯಾಗಿ ಓದಿಸಿದರೆ ಅರ್ಧ ರೋಗ ಅಲ್ಲೇ ವಾಸಿ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾದಾಗ ಇಡೀ ದೇಶವೇ ದಶಮಾಂಶ ಕಲಿಯಿತು. ಆದರೆ ನಾಲ್ಕಾಣೆ ಎಂಟಾಣೆಗಳ ಉದಾಹರಣೆ ಕೊಡುವ ತಂದೆತಾಯಿಗಳು ಒಂದನ್ನು ನೆನಪಿಡಬೇಕು: 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು, ಈಗಿನ ಆರನೇ ತರಗತಿಯ ಮಗು ನಾಲ್ಕಾಣೆಯನ್ನು ಕೈಯಲ್ಲಿ ಹಿಡಿದೇ ಇಲ್ಲ. ಅದಕ್ಕೆ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟೇ ಲೇಸು.

ಭಿನ್ನರಾಶಿಗಳ ಕೂಡಿಸುವಿಕೆಗೆ ಬೇಕಾದ ಉಪಕರಣಕ್ಕೆ ಲ.ಸಾ.ಅ. ಎಂದು ಹೆಸರು, ಅದರ ಜೊತೆಗಾರನಿಗೆ ಮ.ಸಾ.ಅ. ಎಂದು ಹೆಸರು. ಮೊದಲನೆಯದರ ಪೂರ್ಣರೂಪ ಲಘುತ್ತಮ ಸಾಮಾನ್ಯ ಅಪವರ್ತ್ಯ, ಎರಡನೆಯದರದು ಮಹತ್ತಮ ಸಾಮಾನ್ಯ ಅಪವರ್ತನ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವುದು ಅದರ ಅಪವರ್ತನ. ಅದರ ಮಗ್ಗಿಯಲ್ಲಿ ಬರುವುದು ಅದರ ಅಪವರ್ತ್ಯ. ಎರಡು ತದ್ವಿರುದ್ಧ ಕಲ್ಪನೆಗಳನ್ನು ಬೇರ್ಪಡಿಸುತ್ತಿರುವುದು ಪದದ ಬಾಲದಲ್ಲಿರುವ ಒಂದೇ ಒಂದು ಅಕ್ಷರ, ಅದೂ ಸಂಕ್ಷೇಪದಲ್ಲಿ ಉದುರಿಹೋಗಿ ಎರಡೂ ಕಡೆ ಬರೀ ‘ಅ’ ಉಳಿಯುತ್ತದೆ. ಪಠ್ಯ ರಚಿಸಿದವರಿಗೆ ಇದು ತೊಡಕೆಂದು ಏಕೆ ತೋರಲಿಲ್ಲವೋ. ಇನ್ನೂ ವಿಚಿತ್ರವೆಂದರೆ, 12 ಮತ್ತು 18ರ ಮಹತ್ತಮವು 6, ಲಘುತ್ತಮವು 36. ದೊಡ್ಡದೆಂಬ ಹೆಸರಿನದು ಚಿಕ್ಕದಾಗಿಯೂ ಚಿಕ್ಕದೆಂಬ ಹೆಸರಿನದು ದೊಡ್ಡದಾಗಿಯೂ ಬರುವುದನ್ನು ಕಂಡ ಮಗು ತನ್ನ ಉತ್ತರಗಳನ್ನು ಅದಲುಬದಲು ಮಾಡಿ ಬರೆದುಬಿಡುತ್ತದೆ. ಅಂಥ ಮಗು ದಡ್ಡ ಎಂದುಕೊಳ್ಳುವುದು ಸುಲಭ; ವಾಸ್ತವವಾಗಿ ಅದು ಪದದ ಅರ್ಥವನ್ನು ನಂಬಿ ಮೋಸಹೋದ ಮಗು. ಬಸ್ ನಿಲ್ದಾಣದಿಂದ ಒಂದು ಊರಿಗೆ 12 ನಿಮಿಷಕ್ಕೊಮ್ಮೆ, ಇನ್ನೊಂದು ಊರಿಗೆ 18 ನಿಮಿಷಕ್ಕೊಮ್ಮೆ ಬಸ್ಸು ಹೊರಡುತ್ತಿದ್ದು, ಈಗ ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಹೊರಡುವುದು 36 ನಿಮಿಷಕ್ಕೆ: ಎರಡರ ಮಗ್ಗಿಯೂ ಸಂಧಿಸುವ ಜಾಗಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಅದು, ಆದ್ದರಿಂದ ಲಘುತ್ತಮ. 12 ಮತ್ತು 18 ಮೀಟರಿನ ಎರಡು ಹಗ್ಗಗಳನ್ನು ಏನೂ ಉಳಿಯದಂತೆ ಸಮನಾದ ತುಂಡುಗಳಾಗಿ ಕತ್ತರಿಸುವಾಗ ತುಂಡು ಹೆಚ್ಚೆಂದರೆ 6 ಮೀಟರ್ ಉದ್ದವಿರಬಹುದು, ಆದ್ದರಿಂದ ಅದು ಮಹತ್ತಮ. ಛೇದಗಳನ್ನು ಸಮಗೊಳಿಸಲು ಲಘುತ್ತಮ ಅಪವರ್ತ್ಯವನ್ನು ಬಳಸುವ ವಿಧಾನವನ್ನು, 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ನಿರುದ್ಧ ಎಂಬ ಹೆಸರಿನಿಂದ ಹೇಳಿದ್ದಾನೆ. ಆ ಗ್ರಂಥ ಸಂಸ್ಕೃತದಲ್ಲಿದೆ. ಕನ್ನಡದಲ್ಲೇ ಲೆಕ್ಕ ಹೇಳಿಕೊಡಬಹುದೆಂದು 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಬರೆದು ತೋರಿಸಿದನು. ಈ ನೆಲದಲ್ಲಿ ಇಷ್ಟು ಹಳೆಯದಾದ ವಿದ್ಯೆ ಇದೇ ನೆಲದ ತರಗತಿಯಲ್ಲಿ ಪರಕೀಯ ಮಂತ್ರದಂತೆ ಬಾಯಿಪಾಠವಾಗುತ್ತಿರುವುದು ವಿಚಾರಮಾಡತಕ್ಕ ವಿಷಯ.

ಸೊನ್ನೆಗಿಂತ ಕಡಿಮೆ ಎಂಬ ಕಲ್ಪನೆ ಮಗುವಿಗೆ ಮೊದಲು ಎದುರಾಗುವುದೂ ಆರರಲ್ಲೇ. ಐದು ವರ್ಷ ಕಾಲ, ಮೂರರಿಂದ ಐದನ್ನು ಕಳೆಯಲಾಗದು ಎಂದು ಹೇಳಿಕೊಟ್ಟ ಶಾಲೆಯೇ ಈಗ ಕಳೆಯಬಹುದು, ಉತ್ತರ ಋಣ ಎರಡು ಎನ್ನುತ್ತದೆ. ಎನ್‌ಸಿಇಆರ್‌ಟಿ 2024ರಲ್ಲಿ ಹೊರತಂದ ಆರನೇ ತರಗತಿಯ ‘ಗಣಿತ ಪ್ರಕಾಶ್’ ಪುಸ್ತಕವು ಇದನ್ನು ವಿವರಿಸಲು ನೆಲದ ಕೆಳಗೂ ಮಹಡಿಗಳಿರುವ ಕಟ್ಟಡವನ್ನೂ ಅದರ ಲಿಫ್ಟನ್ನೂ ಬಳಸುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಲಿಫ್ಟನ್ನೇ ಕಾಣದ ಊರಿನ ಮಗುವಿಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಅದಕ್ಕಿಂತ ಹತ್ತಿರದ್ದು. ಅಂಗಡಿಯಲ್ಲಿ 50 ರೂಪಾಯಿ ಬಾಕಿಯಿದ್ದು, 30 ಕೊಟ್ಟರೆ ಇನ್ನೂ 20 ಬಾಕಿ. ಇದನ್ನೇ ಋಣ 50ಕ್ಕೆ ಧನ 30 ಕೂಡಿಸಿದರೆ ಋಣ 20 ಎಂದು ಬರೆಯುವುದು. ಋಣ 20 ದೊಡ್ಡದೋ ಋಣ 50 ದೊಡ್ಡದೋ ಎಂಬ ಪ್ರಶ್ನೆಗೆ ತರಗತಿಯ ಬಹುತೇಕ ಕೈಗಳು 50ರ ಕಡೆ ಏಳುತ್ತವೆ. ಅಂಗಡಿಯವನ ಮುಂದೆ 20 ಬಾಕಿ ಇರುವವನ ಸ್ಥಿತಿ ಮೇಲೋ 50 ಬಾಕಿ ಇರುವವನ ಸ್ಥಿತಿ ಮೇಲೋ ಎಂದು ಕೇಳಿದಾಗ ಕೈಗಳು ಕೆಳಗಿಳಿಯುತ್ತವೆ. ಧನ, ಋಣ ಎಂಬ ಮಾತುಗಳನ್ನು ಸಂಖ್ಯೆಗಳಿಗೆ ಹಚ್ಚಿ, ಅವುಗಳನ್ನು ಸೊನ್ನೆಯೊಡನೆ ಕೂಡಿ ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತನು ಕ್ರಿ.ಶ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಹೇಳಿದ್ದಾನೆ, ಇವತ್ತಿನ ಕನ್ನಡ ಪಠ್ಯದ ಧನಾತ್ಮಕ, ಋಣಾತ್ಮಕ ಎಂಬ ಪದಗಳು ಆ ಆಸ್ತಿ ಮತ್ತು ಸಾಲದ ಲೆಕ್ಕದಿಂದಲೇ ಬಂದವು. ಯಾರ ಋಣವನ್ನೂ ಇಟ್ಟುಕೊಳ್ಳಬಾರದು ಎಂದು ಮನೆಯಲ್ಲಿ ಕೇಳುತ್ತ ಬೆಳೆದ ಮಗುವಿಗೆ ಆ ಪದದ ಅರ್ಧ ಅರ್ಥ ಆಗಲೇ ಸಿಕ್ಕಿಬಿಟ್ಟಿದೆ.

ಮೂರನೆಯ ಹೊಸತು ಅಕ್ಷರ. ಬೆಂಕಿಕಡ್ಡಿಗಳಿಂದ ಇಂಗ್ಲಿಷಿನ ಎಲ್ ಆಕಾರ ಮಾಡಲು ಎರಡು ಕಡ್ಡಿ ಬೇಕು, ಎರಡು ಎಲ್‌ಗಳಿಗೆ ನಾಲ್ಕು, ಮೂರಕ್ಕೆ ಆರು. ಎಷ್ಟು ಎಲ್‌ಗಳೆಂದು ಗೊತ್ತಿಲ್ಲದಿದ್ದರೂ ಆ ಗೊತ್ತಿಲ್ಲದ ಎಣಿಕೆಗೆ ಎನ್ ಎಂಬ ಅಕ್ಷರ ಇಟ್ಟರೆ, ಕಡ್ಡಿಗಳು ಎರಡು ಎನ್ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಹೀಗೆ ಬೆಲೆ ಬದಲಾಗುತ್ತ ಹೋಗುವ ಅಕ್ಷರಕ್ಕೆ ಚರಾಕ್ಷರವೆಂದೂ, ಬದಲಾಗದ ಎರಡರಂಥ ಅಂಕಿಗೆ ಸ್ಥಿರಾಂಕವೆಂದೂ ಹೆಸರು. ಮನೆಮಂದಿ ಪಾಲಾಗುವಾಗ ಚರಾಸ್ತಿ, ಸ್ಥಿರಾಸ್ತಿ ಎಂದು ಕಾಗದ ಬರೆಸಿದವರಿಗೆ ಈ ಜೋಡಿಯನ್ನು ಬಿಡಿಸಿ ಹೇಳಬೇಕಾಗಿಲ್ಲ: ದನ, ಚಿನ್ನ, ಪಾತ್ರೆ ಚಲಿಸುವವು, ಹೊಲ ಮನೆ ನಿಂತಲ್ಲೇ ನಿಂತವು. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು, ಅಕ್ಷರವನ್ನು ವಸ್ತುವಿನ ಹೆಸರೆಂದು ತಿಳಿಯುವುದು. ಐದು ಎ ಎಂದರೆ ಐದು ಆ್ಯಪಲ್ ಎಂದು ಯಾರಾದರೂ ಸುಲಭಕ್ಕೆ ಹೇಳಿಕೊಟ್ಟಿದ್ದರಂತೂ ಆ ತಪ್ಪು ಹತ್ತನೇ ತರಗತಿಯವರೆಗೂ ಬೆನ್ನುಬಿಡುವುದಿಲ್ಲ. ಅಲ್ಲಿ ಎ ಎಂಬುದು ಆ್ಯಪಲ್ ಅಲ್ಲ, ಆ್ಯಪಲ್‌ಗಳ ಎಣಿಕೆ ಅಥವಾ ಬೆಲೆಯಂಥ ಒಂದು ಸಂಖ್ಯೆ. 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದ ಎರಡನೆಯ ಭಾಸ್ಕರಾಚಾರ್ಯನ ‘ಬೀಜಗಣಿತ’ ಭಾಗದಲ್ಲಿ ಎಕ್ಸ್, ವೈಗಳ ಜಾಗದಲ್ಲಿ ಯಾವತ್ತಾವತ್, ಕಾಲಕ, ನೀಲಕ ಎಂಬ ಹೆಸರುಗಳಿದ್ದವು, ಅಂದರೆ ಎಷ್ಟೋ ಅಷ್ಟು, ಕರಿಯದು, ನೀಲಿಯದು. ಅವುಗಳ ಮೊದಲ ಅಕ್ಷರವನ್ನಷ್ಟೇ ಬರೆಯುತ್ತಿದ್ದರು. ಗೊತ್ತಿಲ್ಲದ ಸಂಖ್ಯೆಗೆ ಬಣ್ಣ ಬಳಿಯುವ ಈ ವಿಧಾನ ಆರನೇ ತರಗತಿಯ ಕರಿಹಲಗೆಗೆ ಎಂದಾದರೂ ಮರಳಿದರೆ ಮಕ್ಕಳಿಗೆ ಖುಷಿಯೇ ಆದೀತು.

ಇಲ್ಲಿಯವರೆಗೆ ಹೇಳಿದ್ದರ ಹಿಂದೆ ಒಂದು ವಾದವಿದೆ. ಆರನೇ ತರಗತಿಯಲ್ಲಿ ಪಾರಿಭಾಷಿಕ ಪದವೇ, ಎಂದರೆ ಒಂದು ಶಾಸ್ತ್ರವು ತನ್ನೊಳಗೆ ಖಚಿತವಾದ ಒಂದೇ ಅರ್ಥದಲ್ಲಿ ಬಳಸುವ ಪದವೇ, ಪಾಠ. ಪದವನ್ನು ಒಡೆದು ಒಳಗಿನ ಅರ್ಥ ತೋರಿಸದೆ ಲೆಕ್ಕ ಮಾಡಿಸುವುದು ಬೀಗದ ಕೈ ಕೊಡದೆ ಮನೆ ಒಪ್ಪಿಸಿದಂತೆ. ಕನ್ನಡ ಮಾಧ್ಯಮದ ಪದಗಳು ಸಂಸ್ಕೃತದ ಭಾರದಿಂದ ಮಕ್ಕಳಿಗೆ ಕಷ್ಟವೆಂಬ ದೂರಿನಲ್ಲಿ ಹುರುಳಿದೆ. ಡಿ.ಎನ್. ಶಂಕರ ಭಟ್ಟರಂಥ ಭಾಷಾವಿದ್ವಾಂಸರು ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬೇಕೆಂದು ವಾದಿಸುತ್ತ ಬಂದಿರುವುದೂ ಈ ಕಾರಣಕ್ಕೇ. ಆದರೆ ಮೇಲೆ ಕಂಡಂತೆ ಋಣ, ಭಿನ್ನ, ಚರ ಇವು ಊರಿನ ಬಾಯಲ್ಲಿ ಬದುಕಿರುವ ಪದಗಳು, ಅಪವರ್ತನ ಅಂಥದಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕನ್ನಡ ಮಾಧ್ಯಮವೇ ಕಷ್ಟವೆನ್ನುವುದು ಅವಸರದ ಮಾತು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಆರಂಭವಾದ ಇಂಗ್ಲಿಷ್ ಮಾಧ್ಯಮ ವಿಭಾಗಗಳ ಮೊದಲ ತಂಡ 2024-25ಕ್ಕೆ ಆರನೇ ತರಗತಿಯನ್ನು ಮುಟ್ಟಿತು. ಆ ಮಕ್ಕಳಿಗೆ ಛೇದದ ಬದಲು ಡಿನಾಮಿನೇಟರ್ ಎಂಬ ಪದ ಸಿಗುತ್ತದೆ. ಅದನ್ನು ಒಡೆದರೂ ಒಳಗೆ ಮನೆಯ ಮಾತೊಂದೂ ಕಾಣುವುದಿಲ್ಲ. ಅಂಥ ವಿಭಾಗವಿರುವ ಶಾಲೆಗಳ ಸದಸ್ಯರು, ಶಿಕ್ಷಕರು ವಿವರಣೆಯನ್ನಾದರೂ ಕನ್ನಡದಲ್ಲಿ ಕೊಡುತ್ತಿದ್ದಾರೆಯೇ ಎಂದು ವಿಚಾರಿಸುವುದರಲ್ಲಿ ತಪ್ಪೇನಿಲ್ಲ.

ವಿಜ್ಞಾನದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅಲ್ಲಿನ ಅರ್ಧ ಪಾಠ ತಾಯಂದಿರಿಗೆ ಗೊತ್ತಿರುವುದೇ. ಮಿಶ್ರಣದಿಂದ ವಸ್ತುಗಳನ್ನು ಬೇರ್ಪಡಿಸುವ ಪಾಠದಲ್ಲಿ ಬರುವುದು ಮೊರದಲ್ಲಿ ಕೇರುವುದು, ಕಣದಲ್ಲಿ ತೂರುವುದು, ಜರಡಿ ಹಿಡಿಯುವುದು, ಗಂಜಿ ಬಸಿಯುವುದು, ಚಹಾ ಸೋಸುವುದು. ಶಾಲೆ ಅದಕ್ಕೆ ಸೇರಿಸುವುದು ಒಂದೇ ಪ್ರಶ್ನೆ, ಯಾವ ಗುಣದ ವ್ಯತ್ಯಾಸದಿಂದ ಇವು ಬೇರಾದವು ಎಂಬುದು. ತೂರುವಾಗ ತೂಕದ ವ್ಯತ್ಯಾಸ, ಜರಡಿಯಲ್ಲಿ ಗಾತ್ರದ ವ್ಯತ್ಯಾಸ. ಇನ್ನೊಂದು ಪ್ರಯೋಗ ಮಾತ್ರ ಹತ್ತಿರದಿಂದ ನೋಡತಕ್ಕದ್ದು. ಆಹಾರದಲ್ಲಿ ಪಿಷ್ಟ, ಅಂದರೆ ಅಕ್ಕಿ ಆಲೂಗಡ್ಡೆಗಳಲ್ಲಿ ತುಂಬಿರುವ ಗಂಜಿಯಂಥ ಅಂಶ, ಇದೆಯೇ ಎಂದು ತಿಳಿಯಲು ಕಂದುಬಣ್ಣದ ಅಯೋಡಿನ್ ದ್ರಾವಣದ ಎರಡು ಹನಿ ಬಿಡುತ್ತಾರೆ. ಅನ್ನದ ಅಗುಳು ನೋಡನೋಡುತ್ತಲೇ ಕಡುನೀಲಿಯಾಗಿ ಕಪ್ಪಿಗೆ ತಿರುಗುತ್ತದೆ. ಅದೇ ಹನಿಯನ್ನು ರಾಗಿಮುದ್ದೆಯ ಮೇಲೆ ಬಿಟ್ಟರೆ ಮುದ್ದೆಯ ಬಣ್ಣವೇ ಗಾಢವಾಗಿರುವುದರಿಂದ ಬದಲಾವಣೆ ಸರಿಯಾಗಿ ಕಾಣುವುದಿಲ್ಲ. ಹಾಗಾದರೆ ರಾಗಿಯಲ್ಲಿ ಪಿಷ್ಟವಿಲ್ಲವೇ ಎಂದು ಒಂದು ಮಗು ಕೇಳಿ, ರಾಗಿ ಹಿಟ್ಟನ್ನು ತೆಳ್ಳಗೆ ನೀರಿನಲ್ಲಿ ಕದಡಿ ಮತ್ತೆ ಹನಿ ಬಿಡೋಣವೆಂದು ಇನ್ನೊಂದು ಮಗು ಹೇಳುವ ತರಗತಿಯಲ್ಲಿ ವಿಜ್ಞಾನ ನಡೆದಿದೆ; ಅನ್ನ ನೀಲಿಯಾಗುತ್ತದೆಂದು ಬರೆದುಕೊಂಡು ಮುಂದೆ ಹೋದ ತರಗತಿಯಲ್ಲಿ ನಡೆದದ್ದು ಬರೀ ಶುದ್ಧಬರಹ. ಒಂದು ಸಣ್ಣ ಬಾಟಲಿ ಅಯೋಡಿನ್ ಒಂದು ವರ್ಷಕ್ಕೆ ಸಾಕು, ಶಾಲಾ ಅನುದಾನಕ್ಕೆ ಅದು ಭಾರವಲ್ಲ.

ಇತಿಹಾಸದಲ್ಲಿ ಆರನೇ ತರಗತಿ ತರುವ ಹೊಸ ಮಾತು ಆಧಾರ. ಅಲ್ಲಿಯವರೆಗೆ ಅಶೋಕ ಒಂದು ಕಥೆ: ಯುದ್ಧ ಮಾಡಿದ, ಮರುಗಿದ, ಮರ ನೆಡಿಸಿದ. ಈಗ ಮಗು ಕೇಳಬೇಕಾದದ್ದು, ಅದು ಗೊತ್ತಾದದ್ದು ಹೇಗೆ ಎಂದು. ಆ ಪ್ರಶ್ನೆಗೆ ಉತ್ತರವು ಕರ್ನಾಟಕದಲ್ಲೇ ಇದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ ಮೇಲೆ ದೇಶದ ಉದ್ದಗಲಕ್ಕೂ ಇದ್ದ ಶಾಸನಗಳು ಮಾತಾಡತೊಡಗಿದವು, ಆದರೆ ಅವುಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಅವೆಲ್ಲ ಅಶೋಕನವೇ ಎಂಬುದಕ್ಕೆ ಸಿಂಹಳದ ಗ್ರಂಥಗಳ ಬೆಂಬಲವಿದ್ದರೂ ಕಲ್ಲಿನ ಸಾಕ್ಷಿ ಸಿಕ್ಕಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಬಂಡೆಯ ಮೇಲೆ ದೇವಾನಾಂಪ್ರಿಯ ಅಶೋಕ ಎಂದೇ ಕೊರೆದಿತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮಸ್ಕಿಯ ಹೆಸರನ್ನು ಬಿಟ್ಟ ಜಾಗ ತುಂಬಿರಿ ಎಂಬ ಪ್ರಶ್ನೆಗೆ ಉತ್ತರವಾಗಿ ಕಲಿಯುವುದಕ್ಕೂ, ಬಂಡೆಯ ಮೇಲಿನ ಒಂದು ಹೆಸರು ನೂರು ಕಲ್ಲುಗಳ ಒಡೆಯನನ್ನು ಗುರುತಿಸಿಕೊಟ್ಟ ಕಥೆಯಾಗಿ ಕಲಿಯುವುದಕ್ಕೂ ಇರುವ ಅಂತರ ದೊಡ್ಡದು. ಊರಿನ ದೇವಸ್ಥಾನದ ಮುಂದೆ ಅರ್ಧ ಹೂತುಹೋದ ವೀರಗಲ್ಲೊಂದು ಇಲ್ಲದ ಊರು ಈ ನಾಡಿನಲ್ಲಿ ಕಡಿಮೆ. ಅಲ್ಲಿಗೆ ಆರನೇ ತರಗತಿಯನ್ನು ಕರೆದೊಯ್ಯಲು ಬಸ್ಸೂ ಬೇಡ, ಅನುಮತಿ ಪತ್ರವೂ ಬೇಡ.

ಭಾಷೆಯಲ್ಲಿ ಈ ವರ್ಷದ ಹೊಸ ಹೊರೆ ತೃತೀಯ ಭಾಷೆ. ಬಹಳ ಶಾಲೆಗಳಲ್ಲಿ ಅದು ಹಿಂದಿ. 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ಎರಡೇ ಭಾಷೆ ಸಾಕೆಂದು ಶಿಫಾರಸು ಮಾಡಿದೆ. ಆ ವಾದವಿವಾದ ಈ ಪತ್ರದ ವ್ಯಾಪ್ತಿಯಲ್ಲಿಲ್ಲ. ತರಗತಿಯಲ್ಲಿ ಆಗುವುದೇನೆಂದರೆ, ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಕುರ್ಚಿ ನಪುಂಸಕಲಿಂಗ ಎಂದು ಅರ್ಥ ನೋಡಿ ಲಿಂಗ ಹೇಳುತ್ತಿದ್ದ ಮಗು, ರೋಟಿ ಹೆಣ್ಣು, ಘರ್ ಗಂಡು, ಕಿತಾಬ್ ಹೆಣ್ಣು ಎನ್ನುವ ಭಾಷೆಯ ಮುಂದೆ ಬೆಕ್ಕಸಬೆರಗಾಗುತ್ತದೆ. ಅಲ್ಲಿ ಲಿಂಗವು ವಸ್ತುವಿನದಲ್ಲ, ಪದದ್ದು ಎಂಬ ಒಂದು ಮಾತನ್ನು ಮೊದಲ ವಾರದಲ್ಲೇ ಹೇಳಿಬಿಟ್ಟರೆ ಎಷ್ಟೋ ಕೆಂಪು ಶಾಯಿ ಉಳಿದೀತು.

ಇಷ್ಟನ್ನು ಕಲಿಸಲು ಯಾರಿರಬೇಕೆಂಬುದನ್ನೂ ಕಾಯ್ದೆ ಹೇಳಿದೆ: ಆರರಿಂದ ಎಂಟರವರೆಗೆ ತರಗತಿಗೊಬ್ಬರಂತೆ ಶಿಕ್ಷಕರು, ಅವರಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಕನಿಷ್ಠ ಒಬ್ಬೊಬ್ಬರು, 35 ಮಕ್ಕಳಿಗೆ ಕಡಿಮೆಯೆಂದರೂ ಒಬ್ಬರು. ಇದಕ್ಕೆಂದೇ ರಾಜ್ಯದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ಪ್ರತ್ಯೇಕ ವೃಂದವಿದ್ದು, 2022ರಲ್ಲಿ ಅಂಥ 15,000 ಹುದ್ದೆಗಳಿಗೆ ಅರ್ಜಿ ಕರೆಯಲಾಗಿತ್ತು. ಹಿಂದಿ ಶಿಕ್ಷಕರು ಗಣಿತ ತೆಗೆದುಕೊಳ್ಳುವ, ಒಬ್ಬರೇ ಎರಡು ತರಗತಿಗಳ ನಡುವಿನ ಬಾಗಿಲಲ್ಲಿ ನಿಂತು ಪಾಠ ಮಾಡುವ ಶಾಲೆಗಳ ಸದಸ್ಯರಿಗೆ ಈ ಸಾಲುಗಳನ್ನು ಓದಿ ನಗು ಬರಬಹುದು. ಆದರೂ ಬಿಇಒ ಕಚೇರಿಗೆ ಬರೆಯುವ ಮನವಿಯಲ್ಲಿ ಶಿಕ್ಷಕರು ಬೇಕು ಎಂದಷ್ಟೇ ಬರೆಯುವುದಕ್ಕಿಂತ, ಆರರಿಂದ ಎಂಟಕ್ಕೆ ಗಣಿತ-ವಿಜ್ಞಾನದ ಶಿಕ್ಷಕರಿಲ್ಲ, ಕಾಯ್ದೆಯ ಅನುಸೂಚಿ ಇದನ್ನು ಕಡ್ಡಾಯ ಮಾಡಿದೆ ಎಂದು ಬರೆದರೆ ಕಾಗದಕ್ಕೆ ತೂಕ ಬರುತ್ತದೆ.

‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪೋಷಕರ ಮುಂದೆ ಮಕ್ಕಳ ಪ್ರಗತಿಪತ್ರ ಇಡುವಾಗ, ಆರನೇ ತರಗತಿಯ ಮಟ್ಟಿಗೆ ಅದರ ಜೊತೆಗೆ ಗಣಿತದ ನೋಟುಬುಕ್ಕನ್ನೂ ತೆರೆದು ತೋರಿಸಬೇಕೆಂದು ಮುಂದಿನ ಸಭೆಯಲ್ಲಿ ನಿರ್ಣಯ ಮಾಡಬಹುದು. ಅಕ್ಷರ ಬಾರದ ತಾಯಿಯೂ ಆ ದಿನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಗಡಿಯಲ್ಲಿ ಐವತ್ತು ಬಾಕಿ ಇರುವವನು ಮೇಲೋ ಇಪ್ಪತ್ತು ಬಾಕಿ ಇರುವವನು ಮೇಲೋ, ಅದನ್ನು ಪುಸ್ತಕದಲ್ಲಿ ಹೇಗೆ ಬರೆದಿದ್ದೀಯ ತೋರಿಸು ಎಂದು ಕೇಳಬಲ್ಲಳು.